ಬಾಗಿದ ತಗಡನ್ನು ಬಿಡಿಸುವ ವಿದ್ಯೆ

ಎಣ್ಣೆ ಸುರಿಯುವ ಆಲಿಕೆಯನ್ನು ಕಾಣದವರಿಲ್ಲ. ಅದು ಆಲಿಕೆಯಾಗುವ ಮೊದಲು ಏನಾಗಿತ್ತೆಂದು ಯೋಚಿಸಿದವರು ಕಡಮೆ. ಅದು ಬೀಸಣಿಗೆಯ ಆಕಾರದ ಚಪ್ಪಟೆ ತಗಡು. ತಗಡಿನ ಕೆಲಸದವನು ಕೈವಾರದಿಂದ ಎರಡು ಕಮಾನುಗಳನ್ನು ಗೀಚಿ, ಕತ್ತರಿಸಿ, ಸುತ್ತಿ, ಅಂಚಿಗೆ ಅಂಚು ಮಡಿಸಿ ಬೆಸುಗೆ ಹಾಕಿದರೆ ಆಲಿಕೆಯಾಯಿತು. ಕೈಕೆಲಸಕ್ಕಿಂತ ಮೊದಲು ಅವನು ಮನಸ್ಸಿನಲ್ಲಿ ಒಂದು ಕೆಲಸ ಮಾಡಿರುತ್ತಾನೆ: ಇನ್ನೂ ಹುಟ್ಟದ ಆಲಿಕೆಯನ್ನು ಬಿಡಿಸಿ ನೆಲದ ಮೇಲೆ ಹಾಸಿ ನೋಡಿರುತ್ತಾನೆ. ಈ ಬಿಡಿಸುವ ಕೆಲಸವನ್ನು ಈಗ ಕಾರ್ಖಾನೆಗಳಲ್ಲಿ ಕಂಪ್ಯೂಟರು ಮಾಡುತ್ತದೆ. ಕ್ಯಾಡ್ ಎಂಬ ನಕ್ಷೆಯ ತಂತ್ರಾಂಶದಲ್ಲಿ ಆಕಾರವನ್ನು ಬರೆದು ಗುಂಡಿಯೊತ್ತಿದರೆ ಕತ್ತರಿಸಬೇಕಾದ ತಗಡಿನ ನಕ್ಷೆ ಬರುತ್ತದೆ. ಆದರೆ ಕೆಲವು ಆಕಾರಗಳ ಮುಂದೆ ಅದು ತಡವರಿಸುತ್ತದೆ. ಆ ತಡವರಿಕೆಯ ಹಿಂದೆ ಐನೂರು ವರ್ಷಗಳ ಚರಿತ್ರೆಯಿದೆ. ಕನ್ನಡ ಪಾಠ ಹೇಳುವ ನನಗೆ ಇದರ ಗೊಡವೆ ಏಕೆಂದು ಓದುಗರು ಕೇಳಬಹುದು. ಪದ್ಯವನ್ನು ಗದ್ಯವಾಗಿ ಬಿಡಿಸಿ ಹೇಳುವುದರಲ್ಲೇ ಆಯುಷ್ಯ ಕಳೆಯುವವನಿಗೆ ಈ ವಿಷಯ ಅಷ್ಟೇನೂ ದೂರದ್ದಲ್ಲ.

ನ್ಯೂರೆಂಬರ್ಗಿನ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ 1525ರಲ್ಲಿ ಅಳತೆಯ ವಿದ್ಯೆಯನ್ನು ಕುರಿತು ಒಂದು ಪುಸ್ತಕ ಅಚ್ಚು ಹಾಕಿಸಿದ. ಅನೇಕ ಮುಖಗಳ ಘನಾಕೃತಿಗಳನ್ನು ಅಂಚಿನಲ್ಲಿ ಕೊಯ್ದು ಬಿಡಿಸಿ ಹಾಸಿದರೆ ಹೇಗೆ ಕಾಣುತ್ತವೆಂದು ಅದರಲ್ಲಿ ಬರೆದು ತೋರಿಸಿದ. ಅದನ್ನು ಆತ ಬರೆದದ್ದು ಲ್ಯಾಟಿನಿನಲ್ಲಲ್ಲ, ಕುಶಲಕರ್ಮಿಗಳಿಗೆ ತಿಳಿಯುವ ಜರ್ಮನ್ ಭಾಷೆಯಲ್ಲಿ. ಚಪ್ಪಟೆ ಮುಖಗಳಿದ್ದಾಗ ಕಷ್ಟವೇನೂ ಇಲ್ಲ. ಮುಖವೇ ಬಾಗಿದ್ದರೆ?

ಈ ಪ್ರಶ್ನೆಯನ್ನು ನೇರವಾಗಿ ಕೇಳಿದವನು ಆಯ್ಲರ್. ಒಂದು ಕಣ್ಣು ಹೋಗಿ ಇನ್ನೊಂದೂ ಮಂದವಾಗಿದ್ದ ಕಾಲದಲ್ಲಿ, ಸೇಂಟ್ ಪೀಟರ್ಸ್‌ಬರ್ಗಿನಲ್ಲಿ, ಯಾವ ಘನಗಳ ಮೈಯನ್ನು ಸಮತಲಕ್ಕೆ ಬಿಡಿಸಬಹುದು ಎಂಬ ಪ್ರಬಂಧವನ್ನು ರಚಿಸಿದ. ಅದು 1772ರಲ್ಲಿ ಪ್ರಕಟವಾಯಿತು. ಕೊಳವೆ ಬಿಡಿಸೀತು, ಶಂಕು ಬಿಡಿಸೀತು. ಇವೆರಡಲ್ಲದೆ ಮೂರನೆಯ ಜಾತಿಯೊಂದುಂಟು, ವಕ್ರರೇಖೆಯೊಂದರ ಸ್ಪರ್ಶರೇಖೆಗಳೆಲ್ಲ ಸೇರಿ ಆಗುವ ಮೈ. ಮೂರಕ್ಕೂ ಸಮಾನವಾದ ಲಕ್ಷಣವೆಂದರೆ, ಅವುಗಳ ಮೇಲೆ ಎಲ್ಲಿ ನೋಡಿದರೂ ಒಂದು ದಿಕ್ಕಿನಲ್ಲಿ ನೇರವಾದ ಕಡ್ಡಿಯನ್ನು ಮಲಗಿಸಬಹುದು. ಬಾಗುವಿಕೆ ಏನಿದ್ದರೂ ಇನ್ನೊಂದು ದಿಕ್ಕಿನಲ್ಲಿ.

ಇದೇ ವಿಷಯದಲ್ಲಿ ದುಡಿದ ಇನ್ನೊಬ್ಬ ಗಾಸ್ಪಾರ್ ಮೋಂಜ್. ಇವನ ಕಥೆಯನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ಬೋನ್ ಎಂಬ ಊರಿನ ಸಾಮಾನ್ಯ ವ್ಯಾಪಾರಿಯ ಮಗ. ಫ್ರಾನ್ಸಿನ ಮೆಜಿಯೇರ್‌ನಲ್ಲಿದ್ದ ಸೈನ್ಯದ ಎಂಜಿನಿಯರುಗಳ ಶಾಲೆಗೆ ಕುಲೀನರಿಗೆ ಮಾತ್ರ ಪ್ರವೇಶ. ಆದುದರಿಂದ ಇವನಿಗೆ ಸಿಕ್ಕಿದ್ದು ನಕ್ಷೆ ಬರೆಯುವ, ಮಾದರಿ ಮಾಡುವ ಕೆಳಗಿನ ಕೆಲಸ. ಕೋಟೆಯೊಂದನ್ನು ಶತ್ರುವಿನ ಗುಂಡಿಗೆ ಕಾಣದಂತೆ ಹೇಗೆ ಕಟ್ಟಬೇಕೆಂಬ ದೀರ್ಘವಾದ ಲೆಕ್ಕವನ್ನು ಒಮ್ಮೆ ಇವನಿಗೆ ಕೊಟ್ಟರು. ಇವನು ಲೆಕ್ಕದ ಹಾದಿ ಬಿಟ್ಟು, ರೇಖೆಗಳ ಹಾದಿ ಹಿಡಿದು, ಬೇಗನೆ ಉತ್ತರ ತಂದ. ಇಷ್ಟು ಬೇಗ ಆಗುವುದುಂಟೇ ಎಂದು ಮೇಲಧಿಕಾರಿ ಕಾಗದವನ್ನು ನೋಡಲೇ ಒಪ್ಪಲಿಲ್ಲವಂತೆ! ನೋಡಿದ ಮೇಲೆ ಆದದ್ದೇ ಬೇರೆ. ವಿಧಾನವನ್ನು ಸೈನ್ಯದ ರಹಸ್ಯವೆಂದು ಬೀಗ ಹಾಕಿ ಇಟ್ಟರು. ಘನವಸ್ತುವನ್ನು ಮೇಲಿನಿಂದ ಒಮ್ಮೆ, ಎದುರಿನಿಂದ ಒಮ್ಮೆ ನೋಡಿ, ಎರಡು ಚಿತ್ರಗಳಿಂದ ಅದರ ನಿಜವಾದ ಅಳತೆಗಳನ್ನು ಹೊರತೆಗೆಯುವ ಈ ವಿದ್ಯೆ ಬಯಲಿಗೆ ಬರಲು ಮಹಾಕ್ರಾಂತಿಯೇ ಆಗಬೇಕಾಯಿತು. 1795ರಲ್ಲಿ ಪ್ಯಾರಿಸಿನ ಎಕೋಲ್ ನಾರ್ಮಾಲ್‌ನಲ್ಲಿ ಮೋಂಜ್ ಅದನ್ನು ಬಹಿರಂಗವಾಗಿ ಪಾಠ ಹೇಳಿದ. 1799ರಲ್ಲಿ ಅದು ಪುಸ್ತಕವಾಯಿತು. ಇಂದಿಗೂ ಪಾಲಿಟೆಕ್ನಿಕ್ಕಿನ ನಮ್ಮ ಹುಡುಗರು ಡ್ರಾಯಿಂಗ್ ಹಲಗೆಯ ಮುಂದೆ ನಿಂತು ಬೆವರುವುದು ಅದೇ ವಿದ್ಯೆಯ ಮುಂದೆ. ಕುಲವನ್ನು ನೋಡಿ ಬಾಗಿಲು ಮುಚ್ಚಿದ ಶಾಲೆ ಕೊನೆಗೆ ನೆನಪಿನಲ್ಲಿ ಉಳಿದದ್ದು ಆ ವ್ಯಾಪಾರಿಯ ಮಗನಿಂದ ಎಂಬುದನ್ನು ನೆನೆದರೆ ನನಗೆ ಸಂತೋಷವಾಗುತ್ತದೆ.

ಮೋಂಜನ ವಿದ್ಯೆ ತಗಡಿನ ಅಂಗಡಿಗೆ ಇಳಿದಾಗ ಏನಾಯಿತೆಂಬುದಕ್ಕೆ ಒಂದೇ ಉದಾಹರಣೆ ಸಾಕು. ಕೆಳಗೆ ಚೌಕವಾದ ಬಾಯಿ, ಮೇಲೆ ದುಂಡಾದ ಕೊಳವೆ. ಎರಡನ್ನೂ ಸೇರಿಸುವ ನಡುವಿನ ತುಂಡು ಬೇಕು. ಗಾಳಿ ಒಯ್ಯುವ ಕೊಳವೆಗಳಲ್ಲಿ ಇದು ಹೆಜ್ಜೆಹೆಜ್ಜೆಗೂ ಬರುತ್ತದೆ. ನೋಡುವುದಕ್ಕೆ ತೊಡಕಿನ ಆಕಾರ. ಆದರೆ ಚೌಕದ ನಾಲ್ಕು ಬದಿಗಳ ಮೇಲೆ ನಾಲ್ಕು ಚಪ್ಪಟೆ ತ್ರಿಕೋನಗಳನ್ನೂ, ನಾಲ್ಕು ಮೂಲೆಗಳಿಂದ ಹೊರಟ ಓರೆಯಾದ ಶಂಕುವಿನ ನಾಲ್ಕು ಚೂರುಗಳನ್ನೂ ಕಂಡುಕೊಂಡರೆ ತೊಡಕು ಬಿಡಿಸಿತು. ಶಂಕುವಿನ ಚೂರನ್ನು ಸಣ್ಣ ತ್ರಿಕೋನಗಳಾಗಿ ಸೀಳಿ, ಒಂದೊಂದು ಗೆರೆಯ ನಿಜವಾದ ಉದ್ದವನ್ನು ತೆಗೆದು, ತಗಡಿನ ಮೇಲೆ ಒಂದರ ಪಕ್ಕ ಒಂದು ಜೋಡಿಸುತ್ತ ಹೋಗುತ್ತಾರೆ. ಇಲ್ಲಿ ಒಂದು ತಾಪತ್ರಯ ಹುಟ್ಟುತ್ತದೆ. ಮೂಲೆ ಚೂಪಾಗಿರಬಾರದು, ನಯವಾಗಿ ಒಂದರೊಳಗೊಂದು ಬೆರೆತುಹೋಗಬೇಕು ಎಂದು ನಕ್ಷೆ ಬರೆಯುವವರು ಬಯಸುತ್ತಾರೆ. ಹಾಗೆ ಬೆರೆಸಿದೊಡನೆ ಆ ಭಾಗ ಎರಡು ದಿಕ್ಕಿನಲ್ಲಿಯೂ ಬಾಗುತ್ತದೆ. ಕಡ್ಡಿ ಮಲಗಿಸಲು ಜಾಗವಿಲ್ಲ! ಕಂಪ್ಯೂಟರು ತಡವರಿಸುವುದು ಇಲ್ಲಿಯೇ.

ಏಕೆ ತಡವರಿಸಬೇಕು, ಇನ್ನೂ ಜಾಣ ಯಂತ್ರ ಬಂದರೆ ಆದೀತಲ್ಲ ಎನ್ನುವವರಿಗೆ ಗೌಸ್ 1827ರಲ್ಲಿಯೇ ಉತ್ತರ ಹೇಳಿದ್ದಾನೆ. ಹಾನೋವರ್ ಸೀಮೆಯ ಭೂಮಾಪನಕ್ಕಾಗಿ ಬಯಲಿನಲ್ಲಿ ದುರ್ಬೀನು ಹಿಡಿದು ಅಲೆದವನು ಆತ. ಭೂಮಿಯ ಉಬ್ಬು ಆತನಿಗೆ ಬರಿಯ ತತ್ತ್ವವಾಗಿರಲಿಲ್ಲ. ಹಿಗ್ಗಿಸದೆ, ಕುಗ್ಗಿಸದೆ ಒಂದು ಮೈಯನ್ನು ಎಷ್ಟೇ ಬಾಗಿಸಿದರೂ ಅದರ ಒಂದು ಗುಣ ಬದಲಾಗುವುದಿಲ್ಲವೆಂದು ಆತ ಸಾಧಿಸಿದ. ಒಂದು ಬಿಂದುವಿನಲ್ಲಿ ಅತಿ ಹೆಚ್ಚಿನ ಬಾಗುವಿಕೆಯನ್ನೂ ಅತಿ ಕಡಮೆಯ ಬಾಗುವಿಕೆಯನ್ನೂ ಗುಣಿಸಿದರೆ ಬರುವ ಸಂಖ್ಯೆಯೇ ಆ ಗುಣ. ಸಮತಲದಲ್ಲಿ ಅದು ಸೊನ್ನೆ, ಶಂಕುವಿನಲ್ಲೂ ಸೊನ್ನೆ, ಗೋಳದಲ್ಲಿ ಸೊನ್ನೆಯಲ್ಲ. ಅದಕ್ಕೇ ಕಿತ್ತಳೆಯ ಸಿಪ್ಪೆಯನ್ನು ಹರಿಯದೆ ಹಾಸಲಾಗದು. ಅದಕ್ಕೇ ಎಲ್ಲ ಭೂಪಟಗಳೂ ಎಲ್ಲಾದರೊಂದು ಕಡೆ ಸುಳ್ಳು ಹೇಳುತ್ತವೆ. ತನ್ನ ಪ್ರಮೇಯಕ್ಕೆ ಗೌಸ್ ತಾನೇ ‘ಅಸಾಧಾರಣ’ ಎಂಬ ವಿಶೇಷಣ ಕೊಟ್ಟ. ಹೊಗಳಿಕೆಯಲ್ಲಿ ಬಹಳ ಜಿಪುಣನಾದವನ ಮಾತು ಅದು.

ಹರಿಯದಿದ್ದರೆ ಹಿಗ್ಗಿಸಬೇಕು, ಇಲ್ಲವೇ ಹೊಲಿಗೆ ಹಾಕಬೇಕು. 1878ರಲ್ಲಿ ರಷ್ಯದ ಗಣಿತಜ್ಞ ಚೆಬಿಶೆವ್ ಪ್ಯಾರಿಸಿನ ವಿದ್ವತ್ಸಭೆಯಲ್ಲಿ ಬಟ್ಟೆ ಕತ್ತರಿಸುವುದನ್ನು ಕುರಿತು ಉಪನ್ಯಾಸ ಮಾಡಿದ. ಬಟ್ಟೆಯ ಎಳೆಗಳು ಉದ್ದವಾಗುವುದಿಲ್ಲ, ಆದರೆ ಹಾಸು ಹೊಕ್ಕುಗಳ ನಡುವಣ ಕೋನ ಬದಲಾಗುತ್ತದೆ. ಅದರಿಂದಲೇ ಬಟ್ಟೆ ಮೈಗೆ ಒಪ್ಪುತ್ತದೆ. ನಮ್ಮ ದರ್ಜಿಗಳ ಕೈಗೆ ಇದು ತಿಳಿದೇ ಇತ್ತು. ತಗಡಿಗೆ ಆ ಔದಾರ್ಯವಿಲ್ಲ. ಅದನ್ನು ಬಡಿದು ಹಿಗ್ಗಿಸಬೇಕು, ಅಥವಾ ಅಚ್ಚಿನಲ್ಲಿ ಒತ್ತಬೇಕು.

ನೇರವಾದ ಮಡಿಕೆ ಕೂಡ ಪೂರ್ತಿ ನಿರಪಾಯವಲ್ಲ. ತಗಡಿಗೆ ದಪ್ಪವುಂಟಷ್ಟೆ. ಮಡಿಸಿದಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ, ನಡುವೆ ಎಲ್ಲೋ ಒಂದು ಪದರ ಇದ್ದಷ್ಟೇ ಇರುತ್ತದೆ. ಆ ಪದರ ದಪ್ಪದ ಎಷ್ಟನೆಯ ಪಾಲಿನಲ್ಲಿದೆಯೆಂದು ಲೋಹಕ್ಕೂ ಮಡಿಕೆಗೂ ತಕ್ಕಂತೆ ಹೇಳಿಕೊಟ್ಟರೆ ಮಾತ್ರ ಕಂಪ್ಯೂಟರು ಸರಿಯಾದ ಉದ್ದ ಕೊಡುತ್ತದೆ.

ಸ್ಪೇನಿನ ಬಿಲ್ಬಾವೊದಲ್ಲಿ 1997ರಲ್ಲಿ ತೆರೆದ ಗುಗೆನ್‌ಹೈಮ್ ವಸ್ತುಸಂಗ್ರಹಾಲಯದ ಚಿತ್ರವನ್ನು ಅನೇಕರು ನೋಡಿರಬಹುದು. ಗಾಳಿಗೆ ಎದ್ದ ಹಾಯಿಗಳಂತೆ ಕಾಣುವ ಅದರ ಮೈಗೆ ಮಿಲಿಮೀಟರಿನ ಅರ್ಧಕ್ಕೂ ತೆಳುವಾದ ಟೈಟಾನಿಯಂ ತಗಡು ಹೊದಿಸಿದ್ದಾರೆ. ವಾಸ್ತುಶಿಲ್ಪಿ ಫ್ರಾಂಕ್ ಗೆಹ್ರಿಯ ಕಚೇರಿ ಅದರ ಅಳತೆಗಳನ್ನು ತೆಗೆದದ್ದು ಕಾಟಿಯಾ ಎಂಬ ತಂತ್ರಾಂಶದಲ್ಲಿ. ಅದು ಹುಟ್ಟಿದ್ದು ಫ್ರಾನ್ಸಿನ ದಸಾಲ್ಟ್ ವಿಮಾನ ಕಾರ್ಖಾನೆಯಲ್ಲಿ, ವಿಮಾನದ ಮೈಯನ್ನು ರೂಪಿಸುವುದಕ್ಕಾಗಿ. ಅಷ್ಟು ದೊಡ್ಡ ಯಂತ್ರಬಲವಿದ್ದರೂ ಗೆಹ್ರಿಯ ಮಾದರಿಗಳು ಬಹುಮಟ್ಟಿಗೆ ಕಾಗದದವು. ಹರಿಯದೆ ಬಾಗಿದ ಕಾಗದ ಎಂದೂ ಆಯ್ಲರನ ಮಾತನ್ನು ಮೀರದು. ಕಾಗದ ಒಪ್ಪಿದ್ದನ್ನು ತಗಡೂ ಬಹುಮಟ್ಟಿಗೆ ಒಪ್ಪುತ್ತದೆ.

ಒಪ್ಪದ ಕಡೆಯಲ್ಲಿ ಇಂದಿನ ತಂತ್ರಾಂಶ ಮೈಯನ್ನು ಸಾವಿರಾರು ತ್ರಿಕೋನಗಳಾಗಿ ಒಡೆದು, ಒಟ್ಟು ಹಿಗ್ಗು ಕುಗ್ಗುಗಳು ಆದಷ್ಟು ಕಡಮೆಯಾಗುವಂತೆ ನೆಲಕ್ಕೆ ಹಾಸುತ್ತದೆ. ಎಲ್ಲಿ ಎಷ್ಟು ಎಳೆತವಾಯಿತೆಂಬುದನ್ನು ಬಣ್ಣಗಳಲ್ಲಿ ತೋರಿಸುವುದೂ ಉಂಟು. ಬಣ್ಣ ಏರಿದ ಜಾಗದಲ್ಲಿ ತಗಡು ಅಷ್ಟು ಎಳೆತವನ್ನು ತಡೆದೀತೇ, ಇಲ್ಲವೇ ಅಲ್ಲಿ ಕೊಯ್ದು ಬೆಸುಗೆ ಹಾಕಬೇಕೇ ಎಂಬುದು ಆ ಲೋಹವನ್ನು ಬಗ್ಗಿಸಿ ಬಲ್ಲವನ ತೀರ್ಮಾನಕ್ಕೆ ಉಳಿಯುತ್ತದೆ.