ಹೆಸರು ಕೊಟ್ಟ ಹಾಡು

ಸೊಪ್ಪು ಸೋಸುತ್ತ ಕೂತಿದ್ದೆ. ಮಗ ಬಂದು, "ಅಮ್ಮಾ, ಇದೊಂದು ಕೇಳು" ಎಂದ. ಇಂಗ್ಲೆಂಡಿನ ರೋಲಿಂಗ್ ಸ್ಟೋನ್ಸ್ ತಂಡ 2023ರಲ್ಲಿ ಹೊರತಂದ 'ಹ್ಯಾಕ್ನಿ ಡೈಮಂಡ್ಸ್' ಆಲ್ಬಮ್ಮಿನ ಕೊನೆಯ ಹಾಡಂತೆ. ರಾಕ್ ಎಂದರೆ ಗದ್ದಲ ಎಂದುಕೊಂಡಿದ್ದೆ. ಇಲ್ಲಿ ಡ್ರಮ್ಮೂ ಇಲ್ಲ. ಒಂದು ಗಿಟಾರು, ಒಂದು ಮೌತ್ ಆರ್ಗನ್, ಒಂದು ವಯಸ್ಸಾದ ದನಿ.

ಆ ಹಾಡಿಗೊಂದು ಚರಿತ್ರೆಯಿದೆ. 1950ರಲ್ಲಿ ಅದನ್ನು ರೆಕಾರ್ಡು ಮಾಡಿದವನು ಮಡ್ಡಿ ವಾಟರ್ಸ್. ಮಿಸಿಸಿಪ್ಪಿಯ ಹತ್ತಿ ತೋಟದಲ್ಲಿ ದುಡಿದು, 1943ರಲ್ಲಿ ಶಿಕಾಗೋಗೆ ಹೊಟ್ಟೆಪಾಡಿಗೆ ಹೋದ ಕಪ್ಪು ಜನಾಂಗದ ಗಾಯಕ. ದುಡಿಮೆ, ಅಗಲಿಕೆ, ಅಲೆದಾಟದ ಅವರ ಹಾಡುಗಳಿಗೆ ಬ್ಲೂಸ್ ಎಂದು ಹೆಸರು. ಅದೇ 1943ರಲ್ಲಿ ಇಂಗ್ಲೆಂಡಿನ ಡಾರ್ಟ್‌ಫರ್ಡಿನಲ್ಲಿ ಮಿಕ್ ಜಾಗರ್, ಕೀತ್ ರಿಚರ್ಡ್ಸ್ ಹುಟ್ಟಿದರು. ಒಂದೇ ಶಾಲೆಯ ಹುಡುಗರು. ಆಮೇಲೆ ಸಂಪರ್ಕ ತಪ್ಪಿತ್ತು. 1961ರಲ್ಲಿ ಊರಿನ ರೈಲು ನಿಲ್ದಾಣದಲ್ಲಿ ಜಾಗರ್ ಕೈಯಲ್ಲಿದ್ದ ಮಡ್ಡಿಯ ರೆಕಾರ್ಡು ಕಂಡು ರಿಚರ್ಡ್ಸ್ ಮಾತಿಗೆ ನಿಂತ. ಮರುವರ್ಷ ಬ್ರಯಾನ್ ಜೋನ್ಸ್ ಜೊತೆ ತಂಡವಾಯಿತು. ಹೆಸರು ಬೇಕಾದಾಗ ಮಡ್ಡಿಯ ಹಾಡಿನಿಂದಲೇ ತೆಗೆದುಕೊಂಡರು.

1964ರ ಅವರ ಮೊದಲ ಆಲ್ಬಮ್ಮಿನಲ್ಲಿ ಹೆಚ್ಚಿನವು ಎರವಲು ಹಾಡುಗಳೇ. ಬರಬರುತ್ತ ಸ್ವಂತ ಹಾಡು ಕಟ್ಟಿದರು, ಲೋಕವೆಲ್ಲ ಸುತ್ತಿದರು. ಆದರೆ ಹೆಸರು ಕೊಟ್ಟ ಆ ಹಾಡನ್ನು ಮಾತ್ರ ಅರವತ್ತು ವರ್ಷ ಯಾವ ಆಲ್ಬಮ್ಮಿಗೂ ಹಾಡಿರಲಿಲ್ಲ. 2021ರಲ್ಲಿ ಡ್ರಮ್ ವಾದಕ ಚಾರ್ಲಿ ವಾಟ್ಸ್ ತೀರಿಕೊಂಡ. ಅವನು ಮೊದಲೇ ನುಡಿಸಿಟ್ಟಿದ್ದನ್ನು ಈ ಆಲ್ಬಮ್ಮಿನ ಎರಡು ಹಾಡುಗಳಲ್ಲಿ ಉಳಿಸಿಕೊಂಡರು. ಅದರಲ್ಲೊಂದಕ್ಕೆ, 1993ರಲ್ಲಿ ತಂಡ ಬಿಟ್ಟಿದ್ದ ಬಿಲ್ ವೈಮನ್ನನನ್ನೂ ಕರೆಸಿದರು. ಎಲ್ಲ ಮುಗಿದ ಮೇಲೆ, ಎಂಬತ್ತರ ಅಂಚಿನಲ್ಲಿ, ಜಾಗರ್ ಮತ್ತು ರಿಚರ್ಡ್ಸ್ ಇಬ್ಬರೇ ಕೂತು ಮಡ್ಡಿಯ ಹಾಡು ಹಾಡಿದರು.

"ಹೊಸದೇನಿದೆ, ಹಳೆಯದನ್ನೇ ಹಾಡಿದ್ದಾರಲ್ಲ" ಎಂದು ಬಾಯಿಗೆ ಬಂದಿತ್ತು. ನುಂಗಿಕೊಂಡೆ. ಹಿಂದೊಮ್ಮೆ ಇದೇ ಮಾತನ್ನು ಅವ್ವನಿಗೆ ಅಂದಿದ್ದೆ.

ನಮ್ಮವ್ವ ಭಜನಾ ಮಂಡಳಿಯಲ್ಲಿ ಕಲಿತ ಹಾಡುಗಳು ನೂರಾರು. ಕೊನೆಯ ದಿನಗಳಲ್ಲಿ ಅವೆಲ್ಲ ಹಿಂದೆ ಸರಿದು, ತವರಿನಲ್ಲಿ ಅವಳ ಅವ್ವ ಬೀಸುವಾಗ ಹಾಡುತ್ತಿದ್ದ ಪದಗಳಷ್ಟೇ ನಾಲಿಗೆಯ ಮೇಲಿದ್ದವು. "ಅದನ್ನೇ ಎಷ್ಟು ಸಲ ಹಾಡ್ತಿಯವ್ವಾ" ಎಂದೆ. ಅವಳು ಬೇಸರ ಮಾಡಿಕೊಳ್ಳಲಿಲ್ಲ. ಸುಮ್ಮನಾದಳು. ಆಮೇಲೆ ನನ್ನೆದುರು ಹಾಡಲಿಲ್ಲ.

ಮಡ್ಡಿಯ ಹಾಡಿಗೆ ರೆಕಾರ್ಡಿತ್ತು. ಕಡಲಾಚೆಯ ಹುಡುಗರ ಕೈಗೂ ಸಿಕ್ಕಿತು. ಅವ್ವನ ಪದಗಳಿಗೆ ನಾನಿದ್ದೆ, ಬರೆದುಕೊಳ್ಳಲಿಲ್ಲ. ಮೊದಲ ಎರಡು ಸಾಲು ನೆನಪಿವೆ. ಮೊನ್ನೆ ಮಗನೆದುರು ಅಷ್ಟನ್ನೇ ಹಾಡಿದೆ. "ಮುಂದೆ?" ಅಂದ.