ಮಾನೋನ್ಮಾನ ಮತ್ತು ಅಚೌರ್ಯವ್ರತ

ಶ್ರಾವಕರ ಪಂಚಾಣುವ್ರತಗಳಲ್ಲಿ ಅಚೌರ್ಯವು ಮೂರನೆಯದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಅವುಗಳಲ್ಲಿ ಕೊನೆಯ ಎರಡು ಹೀನಾಧಿಕ ಮಾನೋನ್ಮಾನ ಮತ್ತು ಪ್ರತಿರೂಪಕ ವ್ಯವಹಾರ. ಸರ್ವಾರ್ಥಸಿದ್ಧಿ ಎಂಬ ವ್ಯಾಖ್ಯಾನದಲ್ಲಿ ಪೂಜ್ಯಪಾದಾಚಾರ್ಯರು ಇವನ್ನು ಸ್ಪಷ್ಟವಾಗಿ ವಿವರಿಸಿದ್ದಾರೆ. ಅಳೆಯುವ ಪ್ರಸ್ಥ ಮೊದಲಾದವು ಮಾನ. ತೂಗುವ ತಕ್ಕಡಿ ಮೊದಲಾದವು ಉನ್ಮಾನ. ಕೊಡುವಾಗ ಕಿರಿದಾದ ಅಳತೆಯನ್ನೂ ಕೊಳ್ಳುವಾಗ ಹಿರಿದಾದ ಅಳತೆಯನ್ನೂ ಬಳಸುವುದು ಮೊದಲನೆಯ ದೋಷ. ಕೃತಕವಾದ ಚಿನ್ನ ಮೊದಲಾದವುಗಳಿಂದ ವಂಚಿಸುವುದು ಎರಡನೆಯದು.

ಅಳತೆಯನ್ನು ಏಕರೂಪಗೊಳಿಸುವ ಯತ್ನವು ನಮ್ಮ ದೇಶದಲ್ಲಿ ಅತಿ ಪ್ರಾಚೀನವಾದುದು. ಹರಪ್ಪ, ಮೊಹೆಂಜೊದಾರೊ, ಲೋಥಲ್‌ಗಳಲ್ಲಿ ದೊರೆತ ಘನಾಕೃತಿಯ ತೂಕದ ಕಲ್ಲುಗಳು 1, 2, 4, 8, 16 ಎಂಬ ಒಂದೇ ಕ್ರಮವನ್ನು ಅನುಸರಿಸುತ್ತವೆ. ಕೌಟಿಲ್ಯನ ಅರ್ಥಶಾಸ್ತ್ರವು ಈ ಕಾರ್ಯಕ್ಕಾಗಿಯೇ ಪೌತವಾಧ್ಯಕ್ಷನೆಂಬ ಅಧಿಕಾರಿಯನ್ನು ಹೇಳುತ್ತದೆ. ತೂಕದ ಬಟ್ಟುಗಳು ನೀರಿನಿಂದ ಹೆಚ್ಚದ, ಕಾವಿನಿಂದ ಕುಗ್ಗದ ವಸ್ತುವಿನವಾಗಿರಬೇಕು. ನಾಲ್ಕು ತಿಂಗಳಿಗೊಮ್ಮೆ ಅವುಗಳ ಮೇಲೆ ಮುದ್ರೆ ಬೀಳಬೇಕು ಎಂಬುದು ಅಲ್ಲಿನ ವಿಧಿ.

ಕರ್ನಾಟಕದ ದಾನಶಾಸನಗಳು ಭೂಮಿಯನ್ನು ಮತ್ತರು, ಕಮ್ಮಗಳಲ್ಲಿ ಹೇಳುವುದಲ್ಲದೆ ಯಾವ ಗಳೆಯಿಂದ ಅಳೆದುದೆಂಬುದನ್ನೂ ಎಷ್ಟೋ ಕಡೆ ತಿಳಿಸುತ್ತವೆ. ಭೇರುಂಡ ಗಳೆ ಅಂತಹ ಒಂದು ಅಳತೆಗೋಲು. ಗಳೆಗಳು ಹಲವಾಗಿದ್ದುದರಿಂದಲೇ ಅದರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಬೇಕಾಯಿತು. ಧಾನ್ಯದ ಕೊಳಗ, ಬಳ್ಳ, ಸೇರುಗಳ ಸ್ಥಿತಿಯೂ ಅದೇ ಆಗಿತ್ತು. ಕಚ್ಚಾ ಸೇರು ಬೇರೆ, ಪಕ್ಕಾ ಸೇರು ಬೇರೆ. ಸೀಮೆಯಿಂದ ಸೀಮೆಗೆ ಪ್ರಮಾಣ ಬೇರೆ. ಸತ್ಯವಂತನಾದ ವರ್ತಕನೂ ತನ್ನ ಊರಿನ ಸೇರಿನಿಂದ ಅಳೆದು, ಪರಊರಿನ ರೈತನಿಗೆ ಅರಿಯದೆ ನಷ್ಟವುಂಟುಮಾಡಬಹುದಾಗಿತ್ತು. ಮಾಡುವವನಲ್ಲಿ ಕಪಟವಿಲ್ಲದಿದ್ದರೂ ನಷ್ಟ ನಷ್ಟವೇ. ವ್ಯಕ್ತಿಯ ವ್ರತವೊಂದರಿಂದಲೇ ಈ ದೋಷವು ನೀಗುವಂತಿರಲಿಲ್ಲ. ಸಮಾಜವೆಲ್ಲ ಒಪ್ಪಿದ ಒಂದು ಮಾನವು ಬೇಕಾಗಿತ್ತು.

ಆ ಕೊರತೆಯನ್ನು ಸ್ವತಂತ್ರ ಭಾರತವು ತುಂಬಿತು. 1956ರಲ್ಲಿ ತೂಕ ಮತ್ತು ಅಳತೆಗಳ ಮಾನಕ ಕಾಯಿದೆ ಬಂದಿತು. 1957ರ ಏಪ್ರಿಲ್ 1ರಂದು ಹದಿನಾರಾಣೆಯ ರೂಪಾಯಿಯು ನೂರು ನಯೇ ಪೈಸೆಯಾಯಿತು. 1958ರಿಂದ ಕಿಲೋಗ್ರಾಂ, ಲೀಟರು, ಮೀಟರುಗಳು ಹಂತಹಂತವಾಗಿ ಬಳಕೆಗೆ ಬಂದವು. ಈಗ 2009ರ ಕಾನೂನು ಮಾಪನಶಾಸ್ತ್ರ ಕಾಯಿದೆಯು ಜಾರಿಯಲ್ಲಿದೆ.

ತೂಕವನ್ನಾದರೂ ಗ್ರಾಹಕನು ಕಣ್ಣಾರೆ ಕಾಣಬಲ್ಲನು; ಗುಣವನ್ನು ಕಾಣಲಾರನು. ಸಿಮೆಂಟಿನ ಬಲವನ್ನಾಗಲಿ, ವಿದ್ಯುತ್ ತಂತಿಯ ಹೊದಿಕೆಯನ್ನಾಗಲಿ ಅಂಗಡಿಯಲ್ಲಿ ನಿಂತು ಪರೀಕ್ಷಿಸುವುದು ಅಸಾಧ್ಯ. ಅಲ್ಲಿ ಮಾನಕವೇ ಗ್ರಾಹಕನ ಕಣ್ಣು. 1947ರ ಜನವರಿಯಲ್ಲಿ ಸ್ಥಾಪಿತವಾದ ಭಾರತೀಯ ಮಾನಕ ಸಂಸ್ಥೆಯು 1987ರಲ್ಲಿ ಭಾರತೀಯ ಮಾನಕ ಬ್ಯೂರೋ ಆಯಿತು, ಅದರ ಐ.ಎಸ್.ಐ. ಮುದ್ರೆಯನ್ನು ಅರಿಯದ ಮನೆಯಿಲ್ಲ. 2000ದಲ್ಲಿ ಚಿನ್ನದ ಆಭರಣಗಳಿಗೆ ಹಾಲ್‌ಮಾರ್ಕ್ ಆರಂಭವಾಯಿತು. 2021ರ ಜೂನ್ 16ರಿಂದ ಅದು ಜಿಲ್ಲೆಗಳಲ್ಲಿ ಹಂತಹಂತವಾಗಿ ಕಡ್ಡಾಯವಾಯಿತು. 22 ಕ್ಯಾರಟ್ ಒಡವೆಯ ಮೇಲಿನ 916 ಎಂಬ ಅಂಕಿಯು ಸಾವಿರದಲ್ಲಿ 916 ಭಾಗ ಶುದ್ಧ ಚಿನ್ನವೆಂದು ಸಾರುತ್ತದೆ. ಪ್ರತಿರೂಪಕ ವ್ಯವಹಾರಕ್ಕೆ ಹಾಕಿದ ಬೇಲಿಯಿದು.

ಆದರೆ ಬೇಲಿಯೇ ವ್ರತವಲ್ಲ. ಯಾವ ತಕ್ಕಡಿಯೂ ಸಂಪೂರ್ಣ ನಿಖರವಾಗಿರಲಾರದೆಂದು ಕಾನೂನು ಒಂದು ಮಿತಿಯವರೆಗಿನ ವ್ಯತ್ಯಾಸವನ್ನು ಸಹಿಸುತ್ತದೆ. ಆ ಮಿತಿಯೊಳಗೇ ಇದ್ದು, ವ್ಯತ್ಯಾಸವು ಸದಾ ತನ್ನ ಕಡೆಗೇ ವಾಲುವಂತೆ ನೋಡಿಕೊಳ್ಳುವ ವರ್ತಕನಿಗೆ ದಂಡವಿಲ್ಲ. ಅತಿಚಾರದ ದೋಷ ಮಾತ್ರ ತಪ್ಪದು. ಮುದ್ರೆಯು ಬಟ್ಟಿನ ಮೇಲೆ ಬೀಳುತ್ತದೆ, ಭಾವದ ಮೇಲಲ್ಲ.

ಬಸದಿಗಳ ಆಡಳಿತ ಮಂಡಳಿಗಳಿಗೂ ಇಲ್ಲಿ ಪಾಠವುಂಟು. ಭಕ್ತರು ಅರ್ಪಿಸಿದ ಬೆಳ್ಳಿಬಂಗಾರವನ್ನು ದಾನಿಯ ಎದುರಿನಲ್ಲೇ ತೂಗಿಸಿ, ತೂಕದೊಡನೆ ಶುದ್ಧತೆಯನ್ನೂ ದಾಖಲೆ ಪುಸ್ತಕದಲ್ಲಿ ಬರೆದಿಡುವುದು ಉಚಿತ. ಯಾವ ಗಳೆಯಿಂದ ಅಳೆದುದೆಂದು ಕಲ್ಲಿನಲ್ಲಿ ಕೆತ್ತಿಸಿದ ಪೂರ್ವಿಕರು ಮಾಡಿದ್ದೂ ಇದನ್ನೇ.