ಎಳ್ಳೆಣ್ಣೆ: ತೆಗೆಯುವ ಕ್ರಮಗಳ ಚರಿತ್ರೆ

ಎಳ್ಳು ಭಾರತ ಉಪಖಂಡದಲ್ಲಿ ಪಳಗಿದ ಅತಿ ಹಳೆಯ ಎಣ್ಣೆಕಾಳುಗಳಲ್ಲಿ ಒಂದು. ಬೀಜದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆಯೇ ಇರುತ್ತದೆ. ಹರಪ್ಪದ ಉತ್ಖನನದಲ್ಲಿ ಸುಟ್ಟು ಕರಿಕಾದ ಎಳ್ಳಿನ ಮುದ್ದೆ ಸಿಕ್ಕಿದೆ. ಆದರೆ ಎಣ್ಣೆ ತೆಗೆಯುತ್ತಿದ್ದ ಕಾರ್ಯಾಗಾರವೇ ಕಣ್ಣಿಗೆ ಬಿದ್ದದ್ದು ದೂರದ ಆರ್ಮೇನಿಯಾದಲ್ಲಿ, ಕಾರ್ಮಿರ್ ಬ್ಲೂರ್ ಎಂಬಲ್ಲಿನ ಉರಾರ್ಟು ಕಾಲದ ಕೋಟೆಯೊಳಗೆ.

ಭಾರತದಲ್ಲಿ ಈ ಕೆಲಸ ಎತ್ತಿನ ಗಾಣದ್ದು. ಕರ್ನಾಟಕದ ಮಧ್ಯಕಾಲೀನ ಶಾಸನಗಳಲ್ಲಿ ಗಾಣ ಮತ್ತೆ ಮತ್ತೆ ಬರುತ್ತದೆ: ದೇವಾಲಯದ ನಂದಾದೀಪಕ್ಕೆ ಗಾಣದಿಂದ ಎಣ್ಣೆ ಬಿಟ್ಟ ದತ್ತಿ, ಗಾಣದ ಮೇಲಿನ ತೆರಿಗೆ, 'ತೆಲ್ಲಿಗರೈವತ್ತೊಕ್ಕಲು' ಎಂಬ ಎಣ್ಣೆಗಾರರ ಸಂಘ. ಒರಳಿನಲ್ಲಿ ಎಳ್ಳು ಅರೆಯುತ್ತಿರುವಾಗ ಗಾಣಿಗರು ನೀರು ಚಿಮುಕಿಸುತ್ತಾರೆ. ಎಣ್ಣೆ ಬಿಡುವುದು ಅದರಿಂದಲೇ. ಹಾಗಿದ್ದರೂ ಸಾಕಷ್ಟು ಎಣ್ಣೆ ಹಿಂಡಿಯಲ್ಲೇ ಉಳಿದು ದನಗಳ ಪಾಲಾಗುತ್ತಿತ್ತು. ಈ ಯಂತ್ರದ ಬಗ್ಗೆ ಒಂದು ಪುಸ್ತಕವನ್ನೇ ಬರೆದವರು ಕೊಳ್ಳೇಗಾಲದಲ್ಲಿ ಹುಟ್ಟಿದ ಎಣ್ಣೆ ರಸಾಯನ ತಜ್ಞ ಕೆ.ಟಿ. ಅಚ್ಚಯ್ಯ.

ಹಿಂಡಿಯಲ್ಲಿ ಉಳಿಯುವ ಎಣ್ಣೆಯನ್ನು ಕಡಿಮೆ ಮಾಡುವುದೇ ಮುಂದಿನ ಯಂತ್ರಗಳ ಗುರಿಯಾಯಿತು. 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಹೈಡ್ರಾಲಿಕ್ ಪ್ರೆಸ್‌ಗೆ ಪೇಟೆಂಟ್ ಪಡೆದ. 1850ರ ದಶಕದಲ್ಲಿ ಫ್ರಾನ್ಸಿನಲ್ಲಿ ಕಾರ್ಬನ್ ಡೈಸಲ್ಫೈಡ್‌ನಿಂದ ಎಣ್ಣೆ ಕರಗಿಸಿ ತೆಗೆಯುವ ಕ್ರಮ ಬಂತು. ಆ ಜಾಗವನ್ನು ಹೆಕ್ಸೇನ್ ಹಿಡಿದದ್ದು ಆಮೇಲೆ. 1900ರ ಸುಮಾರಿಗೆ ಅಮೆರಿಕದ ಆಂಡರ್ಸನ್ ತಿರುಪಿನಿಂದ ಎಡೆಬಿಡದೆ ಹಿಂಡುವ ಎಕ್ಸ್‌ಪೆಲ್ಲರ್ ರೂಪಿಸಿದ.

ಎಳ್ಳೆಣ್ಣೆ ಬೇಗ ಕಮಟು ಹಿಡಿಯುವುದಿಲ್ಲ ಎಂಬುದು ಮನೆಮನೆಗೂ ಗೊತ್ತಿದ್ದ ವಿಷಯ; ಕಾರಣ ತಿಳಿದದ್ದು ತೀರ ಈಚೆಗೆ. 1922ರಲ್ಲಿ ಇವಾನ್ಸ್ ಮತ್ತು ಬಿಷಪ್ ವಿಟಮಿನ್ ಇ ಪತ್ತೆಹಚ್ಚಿದರು; ಎಣ್ಣೆ ಕಮಟಾಗುವುದನ್ನು ಅದು ತಡೆಯುತ್ತದೆ. ಎಳ್ಳೆಣ್ಣೆಯಲ್ಲಿ ಅದರ ಗಾಮಾ ಟೊಕೋಫೆರಾಲ್ ರೂಪವೇ ಮುಖ್ಯ. ಎಳ್ಳಿನಲ್ಲಿ ವಿಶೇಷವಾಗಿ ಇರುವವು ಸೆಸಮಿನ್, ಸೆಸಮೋಲಿನ್ ಎಂಬ ಲಿಗ್ನಾನ್‌ಗಳು. ಬೀಜ ಹುರಿದಾಗ ಸೆಸಮೋಲಿನ್ ಒಡೆದು ಸೆಸಮಾಲ್ ಎಂಬ ಪ್ರಬಲ ಆಂಟಿಆಕ್ಸಿಡೆಂಟ್ ಹುಟ್ಟುತ್ತದೆ. ಆಮ್ಲೀಯ ಜೇಡಿಯಿಂದ ಎಣ್ಣೆಯ ಬಣ್ಣ ತೆಗೆಯುವಾಗ ಅದೇ ಸೆಸಮೋಲಿನ್ ಸೆಸಮಿನಾಲ್ ಆಗುತ್ತದೆಂದು 1980ರ ದಶಕದಲ್ಲಿ ಜಪಾನಿನ ನಮಿಕಿ ಮತ್ತು ಸಂಗಡಿಗರು ತೋರಿಸಿದರು. ಸಂಸ್ಕರಣೆಯೆಂದರೆ ಬರೀ ನಷ್ಟ ಎಂಬ ನಂಬಿಕೆಗೆ ಇದು ಹೊಂದುವ ಮಾತಲ್ಲ.

ಸೆಸಮಾಲ್ ಇನ್ನೊಂದು ಕೆಲಸಕ್ಕೂ ಬಂತು. ಎಳ್ಳೆಣ್ಣೆಗೆ ಹೈಡ್ರೊಕ್ಲೋರಿಕ್ ಆಮ್ಲ ಮತ್ತು ಸಕ್ಕರೆ ಸೇರಿಸಿ ಕುಲುಕಿದರೆ ಕೆಂಪು ಬಣ್ಣ ಬರುತ್ತದೆ. ಇದು ಬೋದುವಾ ಪರೀಕ್ಷೆ. ತುಪ್ಪಕ್ಕೆ ವನಸ್ಪತಿ (ಗಟ್ಟಿಗೊಳಿಸಿದ ಸಸ್ಯದೆಣ್ಣೆ) ಬೆರೆಸುವವರನ್ನು ಈ ಪರೀಕ್ಷೆಯಿಂದ ಹಿಡಿಯಲು ವನಸ್ಪತಿಯಲ್ಲಿ ಶೇ. 5ರಷ್ಟು ಎಳ್ಳೆಣ್ಣೆ ಇರಲೇಬೇಕೆಂದು ಭಾರತ ಸರ್ಕಾರ ನಿಯಮ ಮಾಡಿತ್ತು.

ಈಗ ಪೇಟೆಯಲ್ಲಿ ಮರದ ಗಾಣದ ಎಣ್ಣೆಗೆ ಮತ್ತೆ ಬೇಡಿಕೆ ಬಂದಿದೆ. ಆದರೆ ಬಾಟಲಿಯ ಚೀಟಿ ಹೇಳುವುದು ಹಿಂಡಿದ ಬಗೆಯನ್ನಷ್ಟೆ. ಸೆಸಮಾಲ್ ಎಷ್ಟಿದೆ ಎಂಬುದಕ್ಕೆ ಎಳ್ಳು ಹುರಿದದ್ದೋ ಹಸಿಯದೋ ಎಂದು ಕೇಳಬೇಕು.